ಬೆಳಿಗ್ಗೆ ಎಂಟರ ನೀರು

ಇಪ್ಪತ್ತಾರು ವರ್ಷ ನಾನು ನೋಡಿದ್ದು
ಬೆಳಿಗ್ಗೆ ಎಂಟರ ನೀರನ್ನು ಮಾತ್ರ.
ಕಾನೂರಿನ ಸೇತುವೆ ಕೆಳಗೆ, ಮೂರನೇ ಕಂಬಕ್ಕೆ
ಬಡಿದ ಬಿಳಿಯ ಅಳತೆಪಟ್ಟಿ.
ಅದರ ಕಪ್ಪು ಗೀಟಿಗೆ ಕಣ್ಣು ಹಿಡಿದು
ಪುಸ್ತಕದಲ್ಲಿ ಬರೆಯುವುದು: ಒಂದು ಮೀಟರು ನಲವತ್ತು.
ಕಕ್ಕಡದಲ್ಲಿ ಐದೂ ಮುಕ್ಕಾಲು.
ಅದಕ್ಕೂ ಮೇಲೆ ಹೋದರೆ ಫೋನು.
ಫೋನಿನ ಆ ತುದಿಯವರು ಒಮ್ಮೆಯೂ ಕೇಳಲಿಲ್ಲ
ನೀರು ಯಾವ ಬಣ್ಣ ಇತ್ತೆಂದು.

ಈಗ ಪೆನ್ಶನ್ನು. ಈಗ ಒಂದು ಓಮ್ನಿ,
ಗೋಣಿಕೊಪ್ಪದ ಹಂಸಾಕನ ಶೆಡ್ಡಿನಿಂದ ತಂದದ್ದು.
ಹಿಂದಿನ ಸೀಟು ಕಿತ್ತು ಹಲಗೆ ಹಾಸಿದ್ದೇನೆ,
ಕಾಲು ಮಡಚಿದರೆ ಇಬ್ಬರು ಮಲಗಬಹುದು.
ಇನ್ನೊಬ್ಬಳು ನಾದಿನಿ ಮಾಚವ್ವ.
ಅವಳು ಕಾಲು ಮಡಚುವವಳಲ್ಲ.

ಮೇಜಿನ ಮೇಲೆ ನಕ್ಷೆ. ನಾಲ್ಕು ಮೂಲೆಗೆ
ಉಪ್ಪಿನ ಡಬ್ಬಿ, ಕಾಚಂಪುಳಿಯ ಬಾಟಲಿ,
ಟಾರ್ಚು, ಮಾಚವ್ವನ ಮೊಣಕೈ.
ಇರ್ಪಿನಿಂದ ನೀಲಿ ಗೆರೆ ಹೊರಡುತ್ತದೆ, ಎಲ್ಲೂ ಕಡಿಯದೆ.
ಕೆಂಪು ಗೆರೆಯದ್ದು ಬೇರೆಯೇ ದಾರಿ:
ಕುರ್ಚಿಯ ಹತ್ತಿರ ಒಮ್ಮೆ ತಾಗುತ್ತದೆ,
ಶ್ರೀಮಂಗಲದಲ್ಲಿ ಮಾತಾಡಿಸಿದ ಹಾಗೆ ಮಾಡುತ್ತದೆ,
ಆಮೇಲೆ ಪಾಲಿಗಾಗಿ ಜಗಳವಾಡಿದವರಂತೆ
ಗದ್ದೆಯಾಚೆ ಹೋಗಿ
ಬಾಳೆಲೆಯ ಬಳಿಯಷ್ಟೇ ಮತ್ತೆ ಮುಖ ತೋರಿಸುತ್ತದೆ.

"ಅಂದರೆ ಹೊಳೆ ಸಿಗುವುದು ಸೇತುವೆಗಳಲ್ಲಿ ಮಾತ್ರ,"
ಅನ್ನುತ್ತಾಳೆ ಮಾಚವ್ವ.
"ಅದಕ್ಕೆ ಓಮ್ನಿ ಯಾಕೆ? ಸಂಬಳ ತಗೊಂಡೇ ನೋಡಿದ್ದೆಯಲ್ಲ."

ನಾನು ಪಟ್ಟಿ ಬರೆಯುತ್ತೇನೆ.
ಪೆಟ್ರೋಲು ಗೋಣಿಕೊಪ್ಪದಲ್ಲೇ, ಕುತ್ತಿಗೆವರೆಗೆ.
ಸ್ಟೆಪ್ನಿಗೆ ಗಾಳಿ.
ಜಾಕಿಯ ಅಡಿಗೆ ಹಲಗೆ ತುಂಡು,
ಕೆಸರಲ್ಲಿ ಗಾಡಿ ಏಳುವುದಿಲ್ಲ ಜಾಕಿ ಇಳಿಯುತ್ತದೆ,
ಹಂಸಾಕನ ಮಾತು.
ಜಿಗಣೆಗೆ ಹೊಗೆಸೊಪ್ಪು, ಸುಣ್ಣ.
ಒಣಗಿಸಿದ ಹಂದಿಮಾಂಸ, ಮೂರು ದಿನಕ್ಕೆ.
ನಾಗರಹೊಳೆಯ ಗೇಟು ಸಂಜೆ ಆರಕ್ಕೆ ಬೀಳುತ್ತದೆ:
ಈಚೆಗೆ ಎರಡು ರಾತ್ರಿ, ಆಚೆಗೆ ಒಂದು.
ಆನೆ ಕಂಡರೆ ಹಾರ್ನು ಬೇಡ, ಲೈಟು ಬೇಡ.
"ರಿವರ್ಸು ಬರುತ್ತದಾ ನಿನಗೆ?"
ಬರುತ್ತದೆ. ಅಂಗಳದಲ್ಲಿ ಬರುತ್ತದೆ.

ಕೊನೆಗೆ ಸಾಗರಕಟ್ಟೆ. ಅಲ್ಲಿ ಕಾವೇರಿಗೆ ಸೇರುತ್ತದೆಂದು ಓದಿದ್ದೇನೆ.
ಹಿನ್ನೀರಿನಲ್ಲಿ ಯಾವುದು ಯಾರ ನೀರು
ಎಂದು ತಿಳಿಯುವುದಿಲ್ಲವಂತೆ.

ಬಾಗಿಲಲ್ಲಿ ಬೊಳ್ಳಿ, ಕೈಯಲ್ಲಿ ಏಡಿಯ ಬುಟ್ಟಿ.
ಗಾಡಿಯ ಸುದ್ದಿ ಅವಳಿಗೂ ಮುಟ್ಟಿದೆ.
ನಿಟ್ಟೂರಿನಲ್ಲಿ ಮಗಳ ಮನೆಗೆ ಬಿಡಬೇಕಂತೆ,
ಎರಡು ಕೋಳಿ ಸಮೇತ.
ನಕ್ಷೆ ನೋಡುವುದಿಲ್ಲ ಅವಳು. ಓಮ್ನಿಯ ಹಲಗೆ ತಟ್ಟಿ ನೋಡುತ್ತಾಳೆ.

ಒಂದು ಕಕ್ಕಡದಲ್ಲಿ ಹೊಳೆ ಏರಿದ್ದು ರಾತ್ರಿ ಮೂರಕ್ಕೆ.
ಎಂಟಕ್ಕೆ ನಾನು ಹೋದಾಗ ಇಳಿದಿತ್ತು.
ಕಂಬದ ಮೇಲೆ, ಪಟ್ಟಿಗಿಂತ ಮೇಲೆ, ಹಸಿ ಕೆಸರಿನ ಗೀಟು.
ನೋಡಿದೆ. ಐದೂ ಮುಕ್ಕಾಲು ಎಂದು ಬರೆದೆ.
ಸುಳ್ಳಲ್ಲ. ಎಂಟಕ್ಕೆ ಅಷ್ಟೇ ಇತ್ತು.
ಪುಸ್ತಕದಲ್ಲಿ ರಾತ್ರಿ ಮೂರಕ್ಕೆ ಮನೆ ಇರಲಿಲ್ಲ.
ಆಮೇಲೆ ಬೊಳ್ಳಿಗೂ ಇರಲಿಲ್ಲ.

ಅವಳು ಆ ಮಾತೆತ್ತಿದ್ದೇ ಇಲ್ಲ.
ಇವತ್ತೂ ಎತ್ತಲಿಲ್ಲ. ಏಡಿ ನಾಲ್ಕು ಕೊಟ್ಟಳು,
ದುಡ್ಡು ಎಣಿಸಿಕೊಂಡಳು, ಮುಂದಿನ ಸೀಟೇ ಬೇಕೆಂದಳು.

ಹಾಗಾಗಿ ಎರಡನೆಯ ರಾತ್ರಿ ನಿಟ್ಟೂರಿನ ಕೆಳಗೆ,
ದಡದಿಂದ ಇಪ್ಪತ್ತು ಹೆಜ್ಜೆ ಬಿಟ್ಟು ನಿಲ್ಲಿಸುವುದು.
ಮೂರಕ್ಕೆ ಅಲಾರಂ.
ಎದ್ದು ಏನು ಮಾಡುತ್ತೀ? ಮಾಚವ್ವ.
ಏನಿಲ್ಲ, ನೋಡುವುದು.
ಪುಸ್ತಕ ತರಬೇಡ, ಅಂದಳು.
ತರುವುದಿಲ್ಲ, ಅಂದೆ. ಪೆನ್ನಿನ ಬಗ್ಗೆ ಹೇಳಲಿಲ್ಲ.

ಪುತ್ತರಿ ಕಳೆದ ವಾರ ಹೊರಡುವುದು.
ಅಷ್ಟರಲ್ಲಿ ನೀರು ಇಳಿದಿರುತ್ತದೆ, ದಾರಿ ಒಣಗಿರುತ್ತದೆ.
ಕೋಳಿಗೆ ಒಂದು ರಟ್ಟಿನ ಪೆಟ್ಟಿಗೆ ನೋಡಬೇಕು.
ಕ್ಲಚ್ ಕೇಬಲ್ಲು ಇನ್ನೂ ಬಂದಿಲ್ಲ,
ಬುಧವಾರವಂತೆ.